ಪ್ರಾಕ್ಟೀಸ್ ಬಿಟ್ಟ ಮೇಲೂ ಕಟ್ಟುವ ಪ್ರೀಮಿಯಂ

ನಾನು ಅನೆಸ್ತೇಶಿಯಾ ಕೊಡುವ ಕೆಲಸ ಬಿಟ್ಟಾಗಿದೆ. ಆಪರೇಷನ್ ಥಿಯೇಟರ್ ಒಳಗೆ ಕಾಲಿಟ್ಟು ಬಹಳ ಕಾಲವಾಯಿತು. ಆದರೂ ಪ್ರತಿ ವರ್ಷ ವೃತ್ತಿ ವಿಮೆಯ, ಅಂದರೆ ನಮ್ಮ ಚಿಕಿತ್ಸೆಯ ಮೇಲೆ ರೋಗಿಗಳು ದೂರು ಕೊಟ್ಟರೆ ವಕೀಲರ ಖರ್ಚು, ಪರಿಹಾರ ನೋಡಿಕೊಳ್ಳುವ ವಿಮೆಯ, ರಿನೀವಲ್ ಫಾರ್ಮ್ ತುಂಬುತ್ತೇನೆ. ಕಳೆದ ವರ್ಷ ಎಷ್ಟು ಕೇಸು ಮಾಡಿದಿರಿ ಎಂದು ಕೇಳುವ ಕಾಲಂ ಅದರಲ್ಲಿದೆ. ಸೊನ್ನೆ ಎಂದು ಬರೆಯುತ್ತೇನೆ. ಈ ಸಲ ಅದನ್ನು ನೋಡಿದ ಏಜೆಂಟ್ ಫೋನ್ ಮಾಡಿದರು. "ಕೇಸೇ ಮಾಡ್ತಿಲ್ಲ ಅಂದ್ಮೇಲೆ ಇದು ಯಾಕೆ ಡಾಕ್ಟ್ರೇ? ಸುಮ್ನೆ ದುಡ್ಡು ದಂಡ ಅಲ್ವಾ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಮನೆಯಲ್ಲೂ ಇದೇ ಪ್ರಶ್ನೆ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಗೆಳೆಯರೂ ಇದನ್ನೇ ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರು ಬೋರ್ಡು ಇಳಿಸಿದ ವರ್ಷವೇ ಪಾಲಿಸಿಯನ್ನೂ ಕೈಬಿಟ್ಟಿದ್ದಾರೆ.

ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ. ಪ್ರತಿ ಸಲ ಅರ್ಧ ಹೇಳಿ ಬಿಟ್ಟಿದ್ದೇನೆ. ಇಲ್ಲಿ ಪೂರ್ತಿ ಬರೆಯುತ್ತೇನೆ. ಡಾಕ್ಟರುಗಳಿಗಿಂತ ಹೆಚ್ಚಾಗಿ ಅವರ ಮನೆಯವರು ಓದಲಿ ಎಂಬ ಆಸೆ ನನಗೆ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ಒಂದೇ ಚಾರ್ಟು, ಎರಡು ಹೆಸರು

ನಾನು ಇನ್ನೂ ಕೆಲಸದಲ್ಲಿದ್ದ ಕಾಲ. ಒಂದು ಸಂಜೆ ಹಿರಿಯ ಹೆರಿಗೆ ತಜ್ಞರೊಬ್ಬರ ಹೆಂಡತಿ ಫೋನ್ ಮಾಡಿದರು. ಆ ತಜ್ಞರು ನನಗೆ ಗುರುವಿನಂತೆ ಇದ್ದವರು. ಪಾರ್ಶ್ವವಾಯು ಆಗಿ ಪ್ರಾಕ್ಟೀಸ್ ನಿಲ್ಲಿಸಿದ್ದರು, ಆಮೇಲೆ ತೀರಿಕೊಂಡಿದ್ದರು. ಅವರ ಹೆಸರಿಗೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ವಕೀಲರ ನೋಟಿಸು ಬಂದಿತ್ತು. "ಇವರಿಲ್ಲ ಅಂತ ಅವರಿಗೆ ಗೊತ್ತಿಲ್ಲವೇನೋ. ನಾನು ಏನು ಮಾಡಲಿ?" ಎಂದು ಕೇಳಿದರು. ಅವತ್ತೇ ಹೋದೆ.

ನೋಟಿಸಿನ ಜೊತೆ ಕೆಲವು ಜೆರಾಕ್ಸ್ ಹಾಳೆಗಳಿದ್ದವು. ಅವುಗಳಲ್ಲಿ ಒಂದು ಅನೆಸ್ತೇಶಿಯಾ ಚಾರ್ಟು. ಅಕ್ಷರ ನನ್ನದೇ. ಐದೈದು ನಿಮಿಷಕ್ಕೆ ನಾಡಿಯ ಚುಕ್ಕೆ, ಬಿಪಿಯ ಬಾಣದ ಗುರುತು, ಸ್ಪೈನಲ್ ಕೊಟ್ಟ ಹೊತ್ತು, ಚರ್ಮ ಕುಯ್ದ ಹೊತ್ತು, ಮಗು ಹೊರಬಂದ ಹೊತ್ತು. ಕೆಳಗೆ ಎಪ್ಗಾರ್ ಸ್ಕೋರು, ಅಂದರೆ ಹುಟ್ಟಿದ ಮಗು ಹೇಗಿದೆ ಎಂದು ಹತ್ತಕ್ಕೆ ಕೊಡುವ ಅಂಕ: ಒಂದನೇ ನಿಮಿಷಕ್ಕೆ 3, ಐದನೇ ನಿಮಿಷಕ್ಕೆ 6. ಮೇಲುಗಡೆ ಸರ್ಜನ್ ಎಂಬಲ್ಲಿ ಅವರ ಹೆಸರು, ಅನೆಸ್ತೆಟಿಸ್ಟ್ ಎಂಬಲ್ಲಿ ನನ್ನ ಹೆಸರು. ಆ ರಾತ್ರಿ ನನಗೆ ನೆನಪಿರಲಿಲ್ಲ. ಎಷ್ಟೋ ಸಿಸೇರಿಯನ್‌ಗಳ ನಡುವೆ ಅದೊಂದು. ಆದರೆ ಆ ಮನೆಯವರಿಗೆ ಅದೊಂದೇ. ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಆಗಿತ್ತು. ಈಗ ಆತ ಪ್ರಾಯಕ್ಕೆ ಬಂದಿದ್ದ. ಅಂದು ಕೊಟ್ಟ ಕಾಗದಗಳನ್ನು ಅವನ ತಾಯಿ ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಹೆರಿಗೆಯಾದ ಆಸ್ಪತ್ರೆಯೇ ಮುಚ್ಚಿಹೋಗಿತ್ತು. ಅಲ್ಲಿನ ಕೇಸ್ ಶೀಟು ಎಲ್ಲಿ ಹೋಯಿತೋ ಹೇಳುವವರಿಲ್ಲ. ಹಾಗಾಗಿ ಕೇಳಲು ಉಳಿದದ್ದು ಚಾರ್ಟಿನ ಮೇಲಿನ ಎರಡು ಹೆಸರು ಮಾತ್ರ.

ಒಂದೆರಡು ದಿನದಲ್ಲಿ ನನಗೂ ನೋಟಿಸು ಬಂತು. ನಾನು ಅದನ್ನು ವಿಮಾ ಕಂಪನಿಗೆ ಕಳಿಸಿದೆ. ಅವರು ವಕೀಲರನ್ನು ಕೊಟ್ಟರು. ತಜ್ಞರ ಅಭಿಪ್ರಾಯ ಬರೆಸಿದರು. ಕೋರ್ಟಿಗೆ ಸಲ್ಲಿಸಬೇಕಾದ್ದನ್ನೆಲ್ಲ ಅವರೇ ನೋಡಿಕೊಂಡರು. ಸಹಿ ಬೇಕಾದಾಗ, ಹೇಳಿಕೆ ಬೇಕಾದಾಗ ನಾನು ಹೋಗಿಬಂದೆ. ಆ ತಾಯಿಗೆ, ಅಂದರೆ ನನ್ನ ಗುರುಗಳ ಹೆಂಡತಿಗೆ, ಇದ್ಯಾವುದೂ ಇರಲಿಲ್ಲ. ಪ್ರಾಕ್ಟೀಸ್ ನಿಂತ ಮೇಲೆ ಯಜಮಾನರ ಪಾಲಿಸಿ ರಿನೀವ್ ಆಗಿರಲಿಲ್ಲ. ಬೀರುವಿನಿಂದ ಹಳೆಯ ಪಾಲಿಸಿಗಳ ಕಟ್ಟು ತೆಗೆದು ಒಂದೊಂದೇ ಹರಡಿದರು. ಹೆರಿಗೆಯಾದ ವರ್ಷದ ಪಾಲಿಸಿ ಸಿಕ್ಕಿತು. ಅವರ ಮುಖ ಅರಳಿತು. "ಇಲ್ಲಿದೆ ನೋಡಿ, ಆ ವರ್ಷ ಕಟ್ಟಿದ್ದಾರೆ!" ಎಂದರು. ಆ ವರ್ಷ ಕಟ್ಟಿದ್ದು ಈಗ ಉಪಯೋಗಕ್ಕೆ ಬರುವುದಿಲ್ಲ ಎಂದು ಅವರಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ವೃತ್ತಿಯಲ್ಲಿ ಎಷ್ಟೋ ಜನರಿಗೆ ಕೆಟ್ಟ ಸುದ್ದಿ ಹೇಳಿದ್ದೇನೆ. ಇದನ್ನು ಹೇಳುವುದು ಅದಕ್ಕಿಂತ ಕಷ್ಟವಾಯಿತು. ರೋಗದ ವಿಷಯದಲ್ಲಾದರೆ ಯಾಕೆ ಹೀಗೆ ಎಂದು ಹೇಳಲು ಏನೋ ಒಂದು ಕಾರಣ ಇರುತ್ತದೆ.

ಕೇಸು ವರ್ಷಗಟ್ಟಲೆ ಎಳೆಯಿತು. ಮಗುವಿನ ಮೆದುಳಿಗೆ ಪೆಟ್ಟು ಬಿದ್ದಿದ್ದು ಬಹುಶಃ ತಾಯಿ ಆಸ್ಪತ್ರೆಗೆ ಬರುವ ಮೊದಲೇ ಎಂದು ತಜ್ಞರು ಹೇಳಿದರು. ನಮ್ಮಿಬ್ಬರ ಮೇಲೂ ತಪ್ಪು ಹೊರಿಸಲಿಲ್ಲ. ಆದರೆ ಅಷ್ಟರಲ್ಲಿ ಗುರುಗಳ ಹೆಂಡತಿ ವಕೀಲರ ಫೀಸಿಗೆಂದು ತಮ್ಮ ಠೇವಣಿಯನ್ನು ಮುರಿಸಿದ್ದರು. ಗೆದ್ದ ಕೇಸಿಗೇ ಅಷ್ಟಾಯಿತು.

ಪಾಲಿಸಿ ಯಾವ ವರ್ಷದ್ದು ಬೇಕು?

ಇಲ್ಲಿ ಸ್ವಲ್ಪ ಲೆಕ್ಕಾಚಾರ ಹೇಳಬೇಕು. ವೃತ್ತಿ ವಿಮೆಯಲ್ಲಿ ಎರಡು ಬಗೆ. ಮೊದಲನೆಯದು ಅಕರೆನ್ಸ್ ಬಗೆ. ಚಿಕಿತ್ಸೆ ನಡೆದ ವರ್ಷ ಪಾಲಿಸಿ ಇದ್ದರೆ ಸಾಕು. ದೂರು ಇಪ್ಪತ್ತು ವರ್ಷ ಬಿಟ್ಟು ಬಂದರೂ ಆ ಹಳೆಯ ಪಾಲಿಸಿಯೇ ನಿಭಾಯಿಸುತ್ತದೆ. ಎರಡನೆಯದು ಕ್ಲೇಮ್ಸ್ ಮೇಡ್ ಬಗೆ. ಇದರಲ್ಲಿ ದೂರು ಬಂದ ದಿನ ಪಾಲಿಸಿ ಜೀವಂತ ಇರಬೇಕು. ಜೊತೆಗೆ ಚಿಕಿತ್ಸೆ ನಡೆದದ್ದು ಪಾಲಿಸಿಯಲ್ಲಿ ನಮೂದಿಸಿದ ರೆಟ್ರೋಆಕ್ಟಿವ್ ತಾರೀಖಿನ ನಂತರ ಆಗಿರಬೇಕು. ಸಾಮಾನ್ಯವಾಗಿ ನಾವು ಮೊದಲ ಸಲ ಪಾಲಿಸಿ ಮಾಡಿಸಿದ ದಿನವೇ ಆ ತಾರೀಖು. ನಡುವೆ ಒಂದು ವರ್ಷ ರಿನೀವಲ್ ತಪ್ಪಿದರೆ ಆ ತಾರೀಖು ಮುಂದಕ್ಕೆ ಹೋಗಿಬಿಡಬಹುದು. ಅದರ ಹಿಂದಿನ ಕೆಲಸಕ್ಕೆಲ್ಲ ರಕ್ಷಣೆ ಇಲ್ಲದಾಗುತ್ತದೆ. ಇಂದು ಡಾಕ್ಟರುಗಳ ಕೈಗೆ ಬರುವ ಪಾಲಿಸಿಗಳಲ್ಲಿ ಈ ಎರಡನೆಯ ಬಗೆಯದೇ ಜಾಸ್ತಿ. ಗುರುಗಳ ಬೀರುವಿನಲ್ಲಿದ್ದದ್ದೂ ಇದೇ.

ಹಿಂದೆ ಹೀಗಿರಲಿಲ್ಲ. ಅಮೆರಿಕದಲ್ಲಿ ಸೇಂಟ್ ಪಾಲ್ ಎಂಬ ದೊಡ್ಡ ಕಂಪನಿ 1975ರಲ್ಲಿ ರೋಡ್ ಐಲೆಂಡ್ ರಾಜ್ಯದ ಡಾಕ್ಟರುಗಳಿಗೆ, ಇನ್ನು ಮೇಲೆ ಅಕರೆನ್ಸ್ ಪಾಲಿಸಿ ಕೊಡುವುದಿಲ್ಲ, ಕ್ಲೇಮ್ಸ್ ಮೇಡ್ ಮಾತ್ರ ಎಂದು ಹೇಳಿತು. ಡಾಕ್ಟರುಗಳೂ ಅವರ ರೋಗಿಗಳೂ ಕೋರ್ಟಿಗೆ ಹೋದರು. 1978ರಲ್ಲಿ ಅದು ಅಲ್ಲಿನ ಸುಪ್ರೀಂ ಕೋರ್ಟ್ ತನಕ ಹೋಯಿತು. ಕಂಪನಿಯ ಕಡೆಯಿಂದ ನೋಡಿದರೆ ಕಾರಣ ಅರ್ಥವಾಗುತ್ತದೆ. ಇವತ್ತು ತೆಗೆದುಕೊಂಡ ಪ್ರೀಮಿಯಂಗೆ ಇಪ್ಪತ್ತು ವರ್ಷದ ನಂತರದ ಪರಿಹಾರ ಎಷ್ಟಾದೀತು ಎಂದು ಯಾರು ಲೆಕ್ಕ ಹಾಕಬಲ್ಲರು? ಹೊಸ ಪದ್ಧತಿಯಲ್ಲಿ ಆ ಅಂದಾಜಿನ ಹೊರೆ ಕಂಪನಿಯ ತಲೆಯಿಂದ ಇಳಿಯಿತು. ಇಳಿದದ್ದು ಗಾಳಿಯಲ್ಲಿ ಕರಗಲಿಲ್ಲ, ಡಾಕ್ಟರ ತಲೆಗೆ ಬಂತು. ಕೆಲಸದಲ್ಲಿ ಇರುವಷ್ಟು ದಿನ ಅದು ಗೊತ್ತಾಗುವುದಿಲ್ಲ. ಪ್ರತಿ ವರ್ಷ ಹೇಗೂ ಕಟ್ಟುತ್ತಿರುತ್ತೇವೆ. ಗೊತ್ತಾಗುವುದು ಬಿಟ್ಟ ಮೇಲೆ.

ಬಿಟ್ಟವರಿಗೆ ಇರುವ ದಾರಿಗಳು ಕೆಲವೇ. ಒಂದು, ಸುಮ್ಮನೆ ರಿನೀವ್ ಮಾಡುತ್ತಾ ಹೋಗುವುದು. ಕೆಲಸ ನಿಲ್ಲಿಸಿದ್ದೇನೆ ಎಂದು ಫಾರ್ಮಿನಲ್ಲಿ ನಿಜವನ್ನೇ ಬರೆದು. ನಾನು ಮಾಡುತ್ತಿರುವುದು ಇದು. ಇನ್ನೊಂದು, ಟೇಲ್ ಕವರ್ ಅಥವಾ ರನ್ ಆಫ್ ಕವರ್ ಎನ್ನುವ ಪ್ರತ್ಯೇಕ ರಕ್ಷಣೆ ಕೊಳ್ಳುವುದು. ಹಳೆಯ ಕೆಲಸದ ಮೇಲೆ ಮುಂದೆ ಬರುವ ದೂರುಗಳಿಗೆ ಮಾತ್ರ ಅದು. ಅಮೆರಿಕದಲ್ಲಿ ಇದಕ್ಕೆ ಒಂದೇ ಗಂಟಿಗೆ ವರ್ಷದ ಪ್ರೀಮಿಯಂನ ಸುಮಾರು ಎರಡು ಪಟ್ಟು ತೆಗೆದುಕೊಳ್ಳುವುದು ಸಾಮಾನ್ಯ. ಬಹಳ ವರ್ಷ ಅದೇ ಕಂಪನಿಯಲ್ಲಿದ್ದು ನಿವೃತ್ತರಾದರೆ, ಇಲ್ಲವೇ ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ, ಎಷ್ಟೋ ಕಂಪನಿಗಳು ಅದನ್ನು ಪುಕ್ಕಟೆ ಕೊಡುತ್ತವೆ. ಕೆಲವು ಪಾಲಿಸಿಗಳ ಒಳಗೆ ಸಣ್ಣಕ್ಷರದಲ್ಲಿ 90 ದಿನಗಳ ಒಂದು ಕಲಮು ಇರುತ್ತದೆ. ಪಾಲಿಸಿ ಮುಗಿದ ಮೇಲೆ ಅಷ್ಟು ದಿನದೊಳಗೆ ಬಂದ ದೂರನ್ನು ತಿಳಿಸಬಹುದು ಎನ್ನುತ್ತದೆ ಅದು. ಇದನ್ನು ನೋಡಿ ಧೈರ್ಯವಾಗಿ ಇರುವವರನ್ನು ಕಂಡಿದ್ದೇನೆ. ಮಗು ಬೆಳೆದು ದೊಡ್ಡವನಾಗಿ ಕೇಳಿದ ಪ್ರಶ್ನೆಗೆ 90 ದಿನದಿಂದ ಏನಾಗುತ್ತದೆ?

ಎಷ್ಟು ವರ್ಷ ಕಾಯಬೇಕು?

ಹೆಚ್ಚಿನವರು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಲೆಕ್ಕ ಎರಡು ವರ್ಷದ್ದು. ಭಾರತದಲ್ಲಿ 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ಕೆಳಗೆ ಬಂದಿತು. ಆ ಕಾನೂನಿನಲ್ಲಿ ದೂರಿಗೆ ಎರಡು ವರ್ಷದ ಗಡುವು. ಹಾಗಾದರೆ ಬಿಟ್ಟ ಮೇಲೆ ಎರಡು ವರ್ಷ ಕಟ್ಟಿದರೆ ಮುಗಿಯಿತಲ್ಲ ಎನ್ನುತ್ತಾರೆ. ಮುಗಿಯುವುದಿಲ್ಲ. ತಡವಾದುದಕ್ಕೆ ಸರಿಯಾದ ಕಾರಣ ಇದ್ದರೆ ಗಡುವು ಮೀರಿದ ದೂರನ್ನೂ ಗ್ರಾಹಕ ಆಯೋಗ ತೆಗೆದುಕೊಳ್ಳಬಹುದು. ಇನ್ನು ಸಿವಿಲ್ ದಾವೆಯಾದರೆ, 1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ ಚಿಕ್ಕ ಮಕ್ಕಳಿಗೆ ಪ್ರಾಯಕ್ಕೆ ಬರುವವರೆಗೂ ಗಡುವು ಓಡುವುದಿಲ್ಲ. ಬ್ರಿಟನ್ನಿನ 1980ರ ಕಾಯ್ದೆಯಲ್ಲಿ ಮೂರು ವರ್ಷ, ಅದೂ ಹಾನಿಯಾದದ್ದು ತಿಳಿದ ದಿನದಿಂದ. ಮಕ್ಕಳಿಗೆ ಅದು 18 ತುಂಬಿದ ಮೇಲೆ ಶುರು, ಅಂದರೆ 21ರ ತನಕ. ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುವ ಶಕ್ತಿ ಇಲ್ಲದವರಿಗೆ ಆ ಸ್ಥಿತಿ ಇರುವಷ್ಟು ಕಾಲ ಗಡುವೇ ಇಲ್ಲ.

ಕೋರ್ಟಿನ ದಾಖಲೆಯಲ್ಲಿರುವ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಪಿತ್ತಕೋಶದ ಆಪರೇಷನ್ 1993ರಲ್ಲಿ ನಡೆಯಿತು. ಹೊಟ್ಟೆಯೊಳಗೆ ಉಳಿದಿದ್ದ ಬಟ್ಟೆ 2002ರಲ್ಲಿ ಇನ್ನೊಂದು ಆಪರೇಷನ್ನಿನಲ್ಲಿ ಹೊರಗೆ ಬಂತು. ದೂರು ಕೊಟ್ಟದ್ದು 2004ರಲ್ಲಿ. ಅಷ್ಟು ವರ್ಷ ನೋವಿದ್ದರೂ ತಡ ಮಾಡಿದ್ದೀರಿ, ಗಡುವು ಮೀರಿದೆ ಎಂದು ಭಾರತದ ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ. ಸರ್ಜನ್ನರು ಗೆದ್ದರು. ಆದರೆ ಆಪರೇಷನ್ ಆದ ಹದಿನೇಳನೇ ವರ್ಷದಲ್ಲಿಯೂ ಅವರು ಉತ್ತರ ಕೊಡುತ್ತಲೇ ಇದ್ದರು. ಕೋಲ್ಕತ್ತದ ಹೆಸರಾದ ಪ್ರಕರಣದಲ್ಲಿ ಚಿಕಿತ್ಸೆ ನಡೆದದ್ದು 1998ರಲ್ಲಿ, ಪರಿಹಾರದ ಕೊನೆಯ ತೀರ್ಪು 2013ರಲ್ಲಿ. ಕೇಸು ಮುಗಿಯುವ ಮೊದಲೇ ಅದರಲ್ಲಿದ್ದ ಒಬ್ಬ ಡಾಕ್ಟರು ತೀರಿಕೊಂಡಿದ್ದರು. ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಹುಟ್ಟಿದ ಮಗುವಿಗೆ ನ್ಯೂ ಸೌತ್ ವೇಲ್ಸ್ ಸುಪ್ರೀಂ ಕೋರ್ಟ್ 2001ರಲ್ಲಿ 1 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಅಪೀಲಿನಲ್ಲಿ ಅದು ಇಳಿಯಿತು. 1979ರಲ್ಲಿ ಪ್ರೀಮಿಯಂ ಕಟ್ಟಿದ ಯಾವ ಡಾಕ್ಟರೂ ಇಂಥ ಮೊತ್ತವನ್ನು ಊಹಿಸಿರಲು ಸಾಧ್ಯವಿಲ್ಲ. ಪಾಲಿಸಿಯ ಮಿತಿಯನ್ನು ಇಪ್ಪತ್ತು ವರ್ಷದ ಹಿಂದಿನ ಅಂಕಿಯಲ್ಲೇ ಬಿಟ್ಟವರು ಇದನ್ನೂ ಯೋಚಿಸಬೇಕು.

ಅಂದ ಹಾಗೆ, ದಾಖಲೆಯ ಗಡುವು ಇದಕ್ಕಿಂತ ತೀರಾ ಚಿಕ್ಕದು. ಭಾರತದ 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು. ಮಗುವಿಗೆ ಹದಿನೆಂಟು ವರ್ಷ ಕಾಯುವ ಹಕ್ಕಿದೆ, ಅವನ ಕೇಸ್ ಶೀಟಿಗೆ ಮೂರು ವರ್ಷದ ಆಯಸ್ಸು. ಹೆರಿಗೆಯ ದಾಖಲೆಯನ್ನಾದರೂ ಆ ಮಗುವಿಗೆ 21 ಆಗುವವರೆಗೆ ಇಡಬೇಕು ಎಂದು ನಾನು ಆಸ್ಪತ್ರೆಗಳಲ್ಲಿ ಹೇಳುತ್ತಾ ಬಂದಿದ್ದೇನೆ. ಜಾಗ ಇಲ್ಲ ಎನ್ನುತ್ತಾರೆ.

ಆ ಹುಡುಗನ ಕಡೆಯಿಂದ

ಡಾಕ್ಟರುಗಳು ಸೇರಿದ ಕಡೆ ಈ ವಿಷಯ ಬಂದರೆ ಮಾತು ಬೇಗ ಒಂದು ದಿಕ್ಕಿಗೆ ಹೋಗುತ್ತದೆ. ಜನ ದುಡ್ಡಿಗಾಗಿ ಕೇಸು ಹಾಕುತ್ತಾರೆ, ಇನ್ಶೂರೆನ್ಸ್ ಇದೆ ಅಂತ ಗೊತ್ತಾದರೆ ಇನ್ನೂ ಜಾಸ್ತಿ ಹಾಕುತ್ತಾರೆ, ಇತ್ಯಾದಿ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮ ಕೇಸಿನ ಹುಡುಗನನ್ನು ನಾನು ಕೋರ್ಟಿನಲ್ಲಿ ನೋಡಿದೆ. ಗಾಲಿ ಕುರ್ಚಿಯಲ್ಲಿ ಕೂತಿದ್ದ. ಅವನ ತಲೆ ಪಕ್ಕಕ್ಕೆ ವಾಲಿದಾಗಲೆಲ್ಲ ತಾಯಿ ನೆಟ್ಟಗೆ ಮಾಡುತ್ತಿದ್ದರು. ವಕೀಲರು ಏನು ಮಾತಾಡಿದರೂ ಅವರ ಕೈ ಆ ಕೆಲಸ ಮರೆಯಲಿಲ್ಲ. ಅವರಿಗೆ ಕೇಳುವ ಹಕ್ಕು ಇತ್ತು. ಆ ರಾತ್ರಿ ಏನಾಯಿತು ಎಂದು ಅವರಿಗೆ ಯಾರೂ ಕೂರಿಸಿ ಹೇಳಿರಲಿಲ್ಲ.

ಒಂದು ವೇಳೆ ತಪ್ಪು ನಮ್ಮದೇ ಆಗಿದ್ದರೆ? ತಪ್ಪು ಸರ್ಜನ್ನರದ್ದು ಎಂದು ಕೋರ್ಟು ಹೇಳಿದ್ದರೆ? ಆ ಹುಡುಗನಿಗೆ ಜೀವಮಾನದ ಆರೈಕೆಯ ದುಡ್ಡು ಎಲ್ಲಿಂದ ಬರುತ್ತಿತ್ತು? ತೀರಿಕೊಂಡವರು ಬಿಟ್ಟುಹೋದ ಒಂದು ಮನೆ, ಅದರಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸು. ಅವರನ್ನು ಬೀದಿಗೆ ತಂದರೂ ಅವನ ಅಗತ್ಯದ ಒಂದು ಮೂಲೆ ತುಂಬುತ್ತಿರಲಿಲ್ಲ. ಅದೇ ತಪ್ಪು ನನ್ನದಾಗಿದ್ದರೆ ಅವನಿಗೆ ದುಡ್ಡು ಸಿಗುತ್ತಿತ್ತು. ಒಂದೇ ಟೇಬಲ್ಲಿನ ಎರಡು ಕಡೆ ನಿಂತಿದ್ದವರು ನಾವು. ಇಬ್ಬರಲ್ಲಿ ಯಾರು ಮೊದಲು ಕೆಲಸ ಬಿಟ್ಟರು, ಯಾರ ಪಾಲಿಸಿ ಉಳಿದಿತ್ತು ಎಂಬುದರ ಮೇಲೆ ಒಬ್ಬ ರೋಗಿಯ ಪರಿಹಾರ ನಿಲ್ಲುವುದು ಸರಿಯೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ನಾನು ಸೊನ್ನೆ ಕೇಸಿಗೂ ಪ್ರೀಮಿಯಂ ಕಟ್ಟುವುದು. ನನ್ನ ಮನೆ ಉಳಿಯಲಿ ಎಂಬುದು ಒಂದು ಕಾರಣ. ನಾನು ಮಲಗಿಸಿ ಎಬ್ಬಿಸಿದ ಸಾವಿರಾರು ಜನರಲ್ಲಿ ಯಾರಿಗಾದರೂ ನನ್ನಿಂದ ಹಾನಿಯಾಗಿದ್ದು ಮುಂದೆ ತಿಳಿದುಬಂದರೆ, ಅವರ ಕೈ ಬರಿದಾಗಬಾರದು ಎಂಬುದು ಇನ್ನೊಂದು. ವಯಸ್ಸಾದಂತೆ ಈ ಎರಡನೆಯದೇ ನನಗೆ ದೊಡ್ಡದಾಗಿ ಕಾಣುತ್ತಿದೆ.

ರೋಗಿಯ ಕಡೆಯಿಂದ ನೋಡಿದರೆ ಬ್ರಿಟನ್ನಿನ ಹಳೆಯ ಪದ್ಧತಿಯ ಒಳ್ಳೆಯದೂ ಕೆಟ್ಟದ್ದೂ ಕಾಣುತ್ತದೆ. ಅಲ್ಲಿ 1885ರಷ್ಟು ಹಿಂದೆಯೇ ಶುರುವಾದ ಮೆಡಿಕಲ್ ಡಿಫೆನ್ಸ್ ಯೂನಿಯನ್ನಿನಂಥ ಸಂಘಗಳಿವೆ. ಸದಸ್ಯರಾಗಿದ್ದಾಗ ಮಾಡಿದ ಕೆಲಸಕ್ಕೆ, ನಿವೃತ್ತಿಯ ನಂತರ ದೂರು ಬಂದರೂ ಸಹಾಯ ಕೇಳಬಹುದು. ಬಿಟ್ಟ ಮೇಲೆ ಮತ್ತೆ ಕಟ್ಟಬೇಕಾಗಿಲ್ಲ. ಆದರೆ ಆ ಸಹಾಯ ಕೊಡುವುದು ಬಿಡುವುದು ಸಂಘದ ವಿವೇಚನೆಗೆ ಬಿಟ್ಟದ್ದು. ಒಬ್ಬ ಸ್ತನ ಶಸ್ತ್ರಚಿಕಿತ್ಸಕ ಬೇಡದ ಆಪರೇಷನ್‌ಗಳನ್ನು ಮಾಡಿ ಜೈಲಿಗೆ ಹೋದಾಗ ಈ ವಿವೇಚನೆಯ ಮಾತೇ ಮುಂದೆ ಬಂತು. 2020ರ ಫೆಬ್ರವರಿಯಲ್ಲಿ ಬಂದ ವಿಚಾರಣಾ ವರದಿ, ರೋಗಿಗಳ ಪರಿಹಾರಕ್ಕೆ ಗ್ಯಾರಂಟಿ ಇಲ್ಲದ ಈ ವ್ಯವಸ್ಥೆಯನ್ನು ತುರ್ತಾಗಿ ಸರಿಪಡಿಸಿ ಎಂದು ಸರ್ಕಾರಕ್ಕೆ ಹೇಳಿತು.

ಒಬ್ಬರ ಹೊರೆಯೇ, ಎಲ್ಲರದೇ?

ಇದಕ್ಕೆ ಉತ್ತರ ಹುಡುಕಿದ ದೇಶ ಆಸ್ಟ್ರೇಲಿಯಾ. ಹುಡುಕುವ ಹಾಗಾಯಿತು ಎನ್ನಬೇಕು. 2002ರ ಮೇ ತಿಂಗಳಲ್ಲಿ ಅಲ್ಲಿನ ಅತಿ ದೊಡ್ಡ ವೈದ್ಯ ರಕ್ಷಣಾ ಸಂಸ್ಥೆ, ಯುನೈಟೆಡ್ ಮೆಡಿಕಲ್ ಪ್ರೊಟೆಕ್ಷನ್, ಕೈಚೆಲ್ಲಿ, ಮುಳುಗುವ ಸಂಸ್ಥೆಯ ವ್ಯವಹಾರ ನೋಡಿಕೊಳ್ಳಲು ಕೋರ್ಟು ನೇಮಿಸುವ ತಾತ್ಕಾಲಿಕ ಲಿಕ್ವಿಡೇಟರ್ ಕೈಗೆ ಹೋಯಿತು. ಆಗಿಹೋದ, ಆದರೆ ಇನ್ನೂ ಯಾರೂ ಹೇಳದ ಘಟನೆಗಳಿಗೆಂದು ಸಾಕಷ್ಟು ದುಡ್ಡು ಎತ್ತಿಟ್ಟಿರಲಿಲ್ಲ. ದೇಶದ ಅರ್ಧಕ್ಕೂ ಹೆಚ್ಚು ಡಾಕ್ಟರುಗಳು ಅದರಲ್ಲಿದ್ದರು. ಕೊನೆಗೆ ಸರ್ಕಾರವೇ ಕೈಹಾಕಬೇಕಾಯಿತು. 2004ರ ಜುಲೈ 1ರಿಂದ ರನ್ ಆಫ್ ಕವರ್ ಸ್ಕೀಮ್ ಎಂಬ ಯೋಜನೆ ಬಂತು. ನಿವೃತ್ತರಾದವರು, ಕೆಲಸ ಮಾಡಲಾಗದ ಹಾಗೆ ಅಂಗವಿಕಲರಾದವರು, ಹೆರಿಗೆ ರಜೆಯಲ್ಲಿರುವವರು, ತೀರಿಕೊಂಡ ಡಾಕ್ಟರ ಆಸ್ತಿ ನೋಡಿಕೊಳ್ಳುವವರು, ಇವರಿಗೆಲ್ಲ ಹಳೆಯ ಖಾಸಗಿ ಕೆಲಸದ ಮೇಲಿನ ದೂರುಗಳಿಗೆ ಪುಕ್ಕಟೆ ರಕ್ಷಣೆ. ದುಡ್ಡು ಬರುವುದು ಈಗ ಕೆಲಸದಲ್ಲಿರುವ ಡಾಕ್ಟರುಗಳ ಪ್ರೀಮಿಯಂ ಮೇಲೆ ಹಾಕುವ ಒಂದು ಸಣ್ಣ ಪಾಲಿನಿಂದ. ಗಳಿಕೆ ಇರುವಾಗ ಕಟ್ಟು, ಇಲ್ಲದಾಗ ಪಡೆದುಕೋ. ನಮ್ಮ ಗುರುಗಳು ಅಲ್ಲಿದ್ದಿದ್ದರೆ ಅವರ ಹೆಂಡತಿ ಯಾವ ಕಟ್ಟನ್ನೂ ಬಿಚ್ಚಬೇಕಾಗಿರಲಿಲ್ಲ.

ಇದು ದಾನವಲ್ಲ. ಹಳಬರ ಪಾಲನ್ನು ಹೊಸಬರು ಕಟ್ಟುವುದು ಅನ್ಯಾಯ ಎಂದು ಕಿರಿಯರು ವಾದ ಮಾಡಿದ್ದನ್ನು ಕೇಳಿದ್ದೇನೆ. ಅವರೂ ಒಂದು ದಿನ ಬಿಡುವವರೇ ಅಲ್ವಾ? ವೈದ್ಯ ಸಂಘಗಳು ಸಮ್ಮೇಳನ ಮಾಡುತ್ತವೆ, ಹಾರ ಹಾಕಿ ಹಿರಿಯರಿಗೆ ಸನ್ಮಾನ ಮಾಡುತ್ತವೆ. ಅದರ ಬದಲು ಅವರ ಹಳೆಯ ಕೆಲಸಕ್ಕೊಂದು ಸಾಮೂಹಿಕ ಪಾಲಿಸಿ ಮಾಡಿಸಲಿ. ಕಂಪನಿಗಳ ಜೊತೆ ಒಬ್ಬೊಬ್ಬರೇ ಚೌಕಾಸಿ ಮಾಡಲಾಗದು. ಸಾವಿರಾರು ಸದಸ್ಯರಿರುವ ಸಂಘಕ್ಕೆ ಆಗುತ್ತದೆ.

ಬಿಟ್ಟೆ ಎಂದ ಮೇಲೂ

ಇನ್ನೊಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ರನ್ ಆಫ್ ಕವರ್ ಕಾಯುವುದು ಹಳೆಯ ಕೆಲಸವನ್ನು ಮಾತ್ರ. ಬಿಟ್ಟ ಮರುದಿನ ಫೋನಿನಲ್ಲಿ ಪರಿಚಯದವರಿಗೆ ಹೇಳಿದ ಮಾತ್ರೆ, ಉಚಿತ ಶಿಬಿರದಲ್ಲಿ ನೋಡಿದ ರೋಗಿ, ಹಳೆಯ ಲೆಟರ್‌ಹೆಡ್ಡಿನಲ್ಲಿ ಬರೆದ ಚೀಟಿ, ಇವೆಲ್ಲ ಹೊಸ ಕೆಲಸ. ದುಡ್ಡು ತೆಗೆದುಕೊಳ್ಳಲಿಲ್ಲ ಎಂದರೆ ಜವಾಬ್ದಾರಿ ಇಲ್ಲ ಎಂದಾಗುವುದಿಲ್ಲ. ಡಾಕ್ಟರಿಗೆ ಬೇಡ ಎನ್ನುವುದು ಬಹಳ ಕಷ್ಟ, ನನಗೆ ಗೊತ್ತು. ನಾನು ಈಗ ಯಾರು ಕೇಳಿದರೂ ಹೋಗಿ ತೋರಿಸಿ ಎನ್ನುತ್ತೇನೆ. ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಕೇಳಬೇಕು ಎಂದು ಹೇಳಿಕೊಡುತ್ತೇನೆ. ಅಷ್ಟರಲ್ಲೇ ಅವರಿಗೆ ಅರ್ಧ ಸಮಾಧಾನ ಆಗಿರುತ್ತದೆ.

ಮೊನ್ನೆ ಒಬ್ಬ ಕಿರಿಯ ಹೆರಿಗೆ ತಜ್ಞೆ ಬಂದಿದ್ದಳು. ಇನ್ನೂ ನಲವತ್ತು ತುಂಬಿಲ್ಲ. ಪ್ರಾಕ್ಟೀಸ್ ಬಿಟ್ಟು ಸಂಶೋಧನೆಗೆ ಹೋಗುತ್ತಿದ್ದಾಳೆ. ಪಾಲಿಸಿಯ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಇಬ್ಬರೂ ಕೂತು ಕಂಪನಿಗೆ ಒಂದು ಪತ್ರ ಬರೆದೆವು. ರೆಟ್ರೋಆಕ್ಟಿವ್ ತಾರೀಖು ಯಾವುದು ಎಂದು ಲಿಖಿತವಾಗಿ ತಿಳಿಸಿ. ಕೆಲಸ ನಿಲ್ಲಿಸಿದವರಿಗೆ ರನ್ ಆಫ್ ಕವರ್ ಇದೆಯೇ, ಎಷ್ಟು ವರ್ಷಕ್ಕೆ? ಇಲ್ಲದಿದ್ದರೆ ಕಡಿಮೆ ಪ್ರೀಮಿಯಂಗೆ ರಿನೀವ್ ಮಾಡುತ್ತೀರಾ? ನಾನು ತೀರಿಕೊಂಡರೆ ನನ್ನ ವಾರಸುದಾರರ ಮೇಲೆ ಬರುವ ದೂರಿಗೂ ಈ ಪಾಲಿಸಿ ನಿಲ್ಲುತ್ತದೆಯೇ? ವೈದ್ಯಕೀಯ ಪರಿಷತ್ತಿನ ವಿಚಾರಣೆಗೆ ವಕೀಲರ ಖರ್ಚು ಕೊಡುತ್ತೀರಾ? ಕೊನೆಗೆ ಇನ್ನೊಂದು ವಿಷಯ ಬರೆಯುವ ಮೊದಲು ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹೋದ ವರ್ಷದ ಒಂದು ಹೆರಿಗೆ ಅವಳ ಮನಸ್ಸಿನಲ್ಲಿತ್ತು. ದೂರೇನೂ ಬಂದಿಲ್ಲ, ಆದರೆ ಮಗು ಚೆನ್ನಾಗಿಲ್ಲ. ಮುಂದೆ ದೂರು ಬರಬಹುದಾದ ಇಂಥ ಘಟನೆಯನ್ನು ಪಾಲಿಸಿ ಜೀವಂತ ಇರುವಾಗಲೇ ತಿಳಿಸಿಟ್ಟರೆ, ದೂರು ಯಾವಾಗ ಬಂದರೂ ಈ ಪಾಲಿಸಿಯ ಲೆಕ್ಕಕ್ಕೇ ತೆಗೆದುಕೊಳ್ಳುವ ಕಲಮು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಅವಳದರಲ್ಲೂ ಇತ್ತು. ರೋಗಿಯ ಹೆಸರು, ತಾರೀಖು, ನಡೆದದ್ದು, ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಪತ್ರದ ಜೊತೆ ಸೇರಿಸಿದಳು. ಆ ಮಗುವಿನ ತಾಯಿಗೆ ಫೋನ್ ಮಾಡಿ, ಮಗು ಹೇಗಿದೆ ಎಂದು ಕೇಳಿ, ಅಂದು ಏನಾಯಿತು ಎಂದು ಎದುರು ಕೂತು ಹೇಳಿ ಬರುವೆ ಎಂದಳು. ಹೋಗುವ ಮೊದಲು ಪತ್ರದ ಒಂದು ಪ್ರತಿಯನ್ನು ಗಂಡನ ಫೋನಿಗೂ ಕಳಿಸು ಎಂದೆ. ಅಲ್ಲೇ ಕೂತು ಕಳಿಸಿದಳು.